ರಾತ್ರಿಯ ವಾಸನೆಗೆ ಹಗಲಿನ ಮಹಜರು

ಪ್ರಶ್ನೆ: ಸರ್, ನಮ್ಮದು ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಸಣ್ಣ ಊರು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮನೆ, ಗದ್ದೆ ಮುಳುಗಿದ ಮೇಲೆ ನಮ್ಮ ಅಜ್ಜ ಇಲ್ಲಿಗೆ ಬಂದರು. ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ನಾಲ್ಕು ವರ್ಷಗಳ ಹಿಂದೆ ಊರಿನ ಮಗ್ಗುಲಲ್ಲಿ ಹಳೆಯ ಟೈರುಗಳಿಂದ ಎಣ್ಣೆ ತೆಗೆಯುವ ಘಟಕ ಆರಂಭವಾಯಿತು. ರಾತ್ರಿ ಹನ್ನೊಂದರ ನಂತರ ವಾಸನೆ ಏಳುತ್ತದೆ. ಬೆಳಿಗ್ಗೆ ಗಂಟಲು ಉರಿ, ತಲೆನೋವು. ಮಗನಿಗೆ ಕೆಮ್ಮು ಬಿಟ್ಟಿಲ್ಲ. ಬಾವಿಯ ನೀರಿನ ಮೇಲೆ ಎಣ್ಣೆಯಂತಹ ಪದರ ಕಾಣುತ್ತದೆ. ದೂರು ಕೊಟ್ಟರೆ ಅಧಿಕಾರಿಗಳು ಹಗಲು ಹನ್ನೊಂದಕ್ಕೆ ಬಂದು ‘ವಾಸನೆ ಕಂಡುಬಂದಿಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ‘ಜಾಗವೇ ನಿಮ್ಮದಲ್ಲ, ತೊಂದರೆ ಇದ್ದರೆ ಸಾಬೀತು ಮಾಡಿ’ ಎನ್ನುತ್ತಾರೆ ಮಾಲೀಕರು. ನಮ್ಮೂರಿನ ಹತ್ತು ಹನ್ನೆರಡು ಹುಡುಗರು ಅಲ್ಲಿಯೇ ಕೆಲಸಕ್ಕಿದ್ದಾರೆ, ನನ್ನ ತಮ್ಮನೂ ಒಬ್ಬ. ಇದು ನಿಜವಾಗಿ ಅಪಾಯವೇ? ಸಾಬೀತು ಮಾಡುವುದು ಹೇಗೆ? ಹಕ್ಕುಪತ್ರ ಇಲ್ಲದ ನಮಗೆ ಕೇಳುವ ಅಧಿಕಾರವಾದರೂ ಇದೆಯೇ? (ಹೆಸರು ಬೇಡ ಎಂದು ಕೋರಿದ ಓದುಗ ಮಹಿಳೆ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಅದು. ಅಧಿಕಾರ ಇದೆ. ಉಸಿರಾಡುವುದಕ್ಕೆ ಪಹಣಿ ಬೇಕಿಲ್ಲ. ಮಾಲಿನ್ಯವಿಲ್ಲದ ಗಾಳಿ ಮತ್ತು ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿದೆ. ಪರಿಸರದ ಮೊಕದ್ದಮೆಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯ 18ನೇ ಕಲಂ ಯಾರು ಅರ್ಜಿ ಹಾಕಬಹುದು ಎಂದು ಬಿಡಿಸಿ ಹೇಳುತ್ತದೆ. ಹಾನಿಗೊಳಗಾದ ಆಸ್ತಿಯ ಮಾಲೀಕ ಅಲ್ಲಿರುವ ಹಲವರಲ್ಲಿ ಒಬ್ಬ ಮಾತ್ರ. ದೇಹಕ್ಕೆ ಹಾನಿಯಾದ ವ್ಯಕ್ತಿಯೂ ಆ ಪಟ್ಟಿಯಲ್ಲಿದ್ದಾನೆ, ನೊಂದ ಯಾವುದೇ ವ್ಯಕ್ತಿಯೂ ಇದ್ದಾನೆ. ತೋಟ ಹಾಳಾಯಿತು ಎಂದು ಪರಿಹಾರ ಕೇಳುವಾಗ ಹಕ್ಕುಪತ್ರದ ಕೊರತೆ ಅಡ್ಡ ಬರಬಹುದು. ಮಗನ ಕೆಮ್ಮಿನ ವಿಷಯಕ್ಕೆ ಅಡ್ಡ ಬರುವುದಿಲ್ಲ. ‘ಜಾಗವೇ ನಿಮ್ಮದಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ನಿಮ್ಮ ಬಾಯಿ ಮುಚ್ಚಿಸುವುದಕ್ಕಷ್ಟೇ ಅದು ಬಳಕೆಯಾಗುತ್ತಿದೆ.

ಸಾಬೀತಿನ ಹೊಣೆಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ತಮಿಳುನಾಡಿನ ವೆಲ್ಲೂರು ಭಾಗದ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟ್ ಎರಡು ತತ್ವಗಳನ್ನು ಈ ದೇಶದ ಕಾನೂನಿನ ಭಾಗವೆಂದು ಒಪ್ಪಿಕೊಂಡಿತು. ಕೆಡಿಸಿದವನೇ ತೆರಬೇಕು ಎಂಬುದು ಒಂದು. ತನ್ನ ಕೆಲಸದಿಂದ ಪರಿಸರಕ್ಕೆ ಹಾನಿ ಇಲ್ಲ ಎಂದು ತೋರಿಸುವ ಹೊಣೆ ಉದ್ಯಮಿಯದೇ ಎಂಬುದು ಇನ್ನೊಂದು. ಹಾಗಾಗಿ ‘ಸಾಬೀತು ಮಾಡಿ’ ಎಂದು ಮಾಲೀಕರು ನಿಮಗೆ ಹೇಳುವುದು ತಲೆಕೆಳಗಾದ ಮಾತು. ಆದರೂ ನೀವು ದಾಖಲೆ ಇಡಲೇಬೇಕು. ಕಾನೂನು ಎಷ್ಟೇ ನಿಮ್ಮ ಪರವಾಗಿದ್ದರೂ ಕಡತದಲ್ಲಿ ಇಲ್ಲದ ವಾಸನೆಯ ಬಗ್ಗೆ ಯಾವ ನ್ಯಾಯಾಧೀಶರೂ ಆದೇಶ ಬರೆಯಲಾರರು. ಈಗ ಕಡತದಲ್ಲಿರುವುದು ಹಗಲು ಹನ್ನೊಂದರ ಮಹಜರು ಒಂದೇ.

ಇನ್ನು ಅಪಾಯದ ಮಾತು. ಟೈರು ಎಂದರೆ ಮರದಿಂದ ಇಳಿಸಿದ ರಬ್ಬರು ಎಂದು ಹಲವರು ತಿಳಿದಿದ್ದಾರೆ. ಅದರ ದೊಡ್ಡ ಪಾಲು ಬರುವುದು ಕಚ್ಚಾ ತೈಲದಿಂದ. ಸ್ಟೈರೀನ್ ಮತ್ತು ಬ್ಯುಟಾಡೀನ್ ಕೂಡಿಸಿದ ಕೃತಕ ರಬ್ಬರು, ಮಂದ ಎಣ್ಣೆಯನ್ನು ಅರೆಬರೆ ಸುಟ್ಟು ತೆಗೆದ ಕಾರ್ಬನ್ ಮಸಿ, ಗಟ್ಟಿಗೊಳಿಸಲು ಗಂಧಕ, ಜೊತೆಗೆ ಸತುವಿನ ಆಕ್ಸೈಡ್. ಇದನ್ನು ಗಾಳಿ ಸೇರದ ಉಕ್ಕಿನ ಪಾತ್ರೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ರಬ್ಬರು ಮುರಿದು ಆವಿಯಾಗುತ್ತದೆ. ಆವಿ ತಣಿದು ಎಣ್ಣೆಯಾಗುತ್ತದೆ. ನೂರು ಕಿಲೋ ಟೈರಿನಿಂದ ಸರಿಸುಮಾರು ನಲವತ್ತು ಕಿಲೋ ಎಣ್ಣೆ, ಮೂವತ್ತಕ್ಕೂ ಹೆಚ್ಚು ಕಿಲೋ ಕಪ್ಪು ಪುಡಿ, ಹತ್ತು ಹದಿನೈದು ಕಿಲೋ ತಂತಿ ಸಿಗುತ್ತವೆ. ಉಳಿದದ್ದು ಎಷ್ಟು ತಣಿಸಿದರೂ ದ್ರವವಾಗದ ಅನಿಲ. ಅಂದರೆ ನಿಮ್ಮ ಊರಿನ ಮಗ್ಗುಲಿಗೆ ಬಂದಿರುವುದು ಒಂದು ಪುಟ್ಟ ಪೆಟ್ರೋಕೆಮಿಕಲ್ ಕಾರ್ಖಾನೆ. ದೊಡ್ಡ ಸಂಸ್ಕರಣಾಗಾರಕ್ಕೆ ಎತ್ತರದ ಚಿಮಣಿ ಇರುತ್ತದೆ, ಅಳೆಯುವ ಯಂತ್ರಗಳಿರುತ್ತವೆ, ಪತ್ರಿಕೆಗಳ ಕಣ್ಣಿರುತ್ತದೆ. ಇಂತಹ ಸಣ್ಣ ಘಟಕಗಳಲ್ಲಿ ಅಪಾಯ ಅದೇ ಜಾತಿಯದು, ಕಾವಲು ಮಾತ್ರ ಬಹಳ ತೆಳುವು.

ವಾಸನೆ ರಾತ್ರಿಯೇ ಏಕೆ? ಇದಕ್ಕೆ ಎರಡು ಕಾರಣಗಳಿವೆ, ಎರಡೂ ನಿಮ್ಮ ದೂರಿಗೆ ಬೇಕಾದವು. ಮೊದಲನೆಯದು ಕೆಲಸದ ರೀತಿ. ಒಂದು ಪಾಳಿಯ ಟೈರು ಬೆಂದ ಮೇಲೆ ಪಾತ್ರೆ ಪೂರ್ತಿ ತಣಿಯುವವರೆಗೆ ಕಾದು ಬಾಗಿಲು ತೆರೆಯಬೇಕು. ಮುಂದಿನ ಪಾಳಿಗೆ ಅವಸರ ಮಾಡಿ ಬಿಸಿಯಲ್ಲಿಯೇ ತೆರೆದರೆ ಒಳಗೆ ಉಳಿದ ಆವಿ ಮತ್ತು ಮಸಿ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಎರಡನೆಯದು ಮಲೆನಾಡಿನ ನೆಲದ ಗುಣ. ಕಾರ್ತಿಕದಿಂದ ಮಾಘದವರೆಗೆ, ಗಾಳಿ ಬೀಸದ ರಾತ್ರಿಗಳಲ್ಲಿ, ಗುಡ್ಡದ ಇಳಿಜಾರಿನ ತಂಪು ಗಾಳಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ ಬೀಳುತ್ತದೆ. ಬಚ್ಚಲ ಒಲೆಯ ಹೊಗೆ ಮೇಲೇರದೆ ತೋಟದ ಮೇಲೆ ಚಾಪೆಯಂತೆ ಹರಡಿಕೊಂಡಿರುವುದನ್ನು ನೀವು ಬೆಳಗಿನ ಮಂಜಿನಲ್ಲಿ ನೋಡಿರುತ್ತೀರಿ. ಘಟಕದ ಹೊಗೆಯೂ ಆ ಮುಚ್ಚಳದ ಕೆಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಏರಿ ಮಂಜು ಕರಗಿದ ಮೇಲೆ ಮುಚ್ಚಳ ಬಿಚ್ಚಿ ಎಲ್ಲವೂ ಚದುರುತ್ತದೆ. ಹನ್ನೊಂದು ಗಂಟೆಗೆ ಬಂದ ಅಧಿಕಾರಿಗೆ ವಾಸನೆ ಸಿಗದಿರುವುದು ಸುಳ್ಳಲ್ಲ. ಅವರು ಬಂದ ಹೊತ್ತು ತಪ್ಪು.

ಆ ಹೊಗೆಯಲ್ಲಿ ಇರಬಹುದಾದವುಗಳಲ್ಲಿ ಬೆಂಜೀನ್ ಬಗ್ಗೆ ನೀವು ತಿಳಿದಿರಬೇಕು. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಖಚಿತವಾಗಿರುವ ರಾಸಾಯನಿಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಮೊದಲನೆಯ ಗುಂಪಿನಲ್ಲಿಯೇ ಇರಿಸಿದೆ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಗಾಳಿಯಲ್ಲಿ ಅದರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರುವಂತಿಲ್ಲ. ಮನುಷ್ಯನ ಮೂಗಿಗೆ ಬೆಂಜೀನಿನ ವಾಸನೆ ಹತ್ತುವುದು ಅದರ ಸಾವಿರ ಪಟ್ಟಿನ ಆಸುಪಾಸಿನಲ್ಲಿ. ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲಗಳು ಇದಕ್ಕೆ ತೀರ ವಿರುದ್ಧ. ಅತ್ಯಲ್ಪ ಇದ್ದರೂ ಮೂಗಿಗೆ ಬಡಿಯುತ್ತವೆ. ಆದುದರಿಂದ ವಾಸನೆ ಇಲ್ಲದ ದಿನ ಗಾಳಿ ಶುದ್ಧ ಎಂದುಕೊಳ್ಳಬೇಡಿ. ವಾಸನೆ ಬಂದ ರಾತ್ರಿಯೆಲ್ಲ ಬೆಂಜೀನೇ ಬಂತು ಎಂದೂ ಬರೆಯಬೇಡಿ. ಗಂಟಲು ಉರಿ, ತಲೆನೋವು, ಮಗುವಿನ ಕೆಮ್ಮು ಇವು ಇಂತಹ ಹೊಗೆಗೆ ಹೊಂದುವ ಲಕ್ಷಣಗಳೇ. ಆದರೆ ದೂರಿನಲ್ಲಿ ‘ಊರಿಗೆ ಕ್ಯಾನ್ಸರ್ ಬಂದಿದೆ’ ಎಂದು ವೈದ್ಯಕೀಯ ದಾಖಲೆ ಇಲ್ಲದೆ ಸೇರಿಸಬೇಡಿ. ಎದುರು ವಕೀಲರು ಆ ಒಂದು ಸಾಲನ್ನು ಹಿಡಿದು ಉಳಿದ ನಿಜವನ್ನೆಲ್ಲ ಅಲ್ಲಾಡಿಸಿಬಿಡುತ್ತಾರೆ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ಬಾವಿಯ ಪದರದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ನಮ್ಮ ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣ ಹೆಚ್ಚು. ಕಬ್ಬಿಣವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಬಾವಿಯಲ್ಲಿ, ಗದ್ದೆಯ ಬದುವಿನ ಜೌಗಿನಲ್ಲಿ ಕಾಮನಬಿಲ್ಲಿನ ಬಣ್ಣದ ತೆಳು ಕೆನೆ ಕಟ್ಟುತ್ತವೆ, ಥೇಟ್ ಎಣ್ಣೆಯಂತೆ. ಬಕೆಟ್ಟಿಗೆ ನೀರು ಸೇದಿ, ಪದರವನ್ನು ಒಂದು ಕಡ್ಡಿಯಿಂದ ಕಲಕಿ ನೋಡಿ. ಕಬ್ಬಿಣದ ಕೆನೆಯಾದರೆ ಗಾಜಿನ ಚೂರುಗಳಂತೆ ಒಡೆದು ಬೇರೆಬೇರೆಯಾಗಿಯೇ ಉಳಿಯುತ್ತದೆ. ಪೆಟ್ರೋಲಿಯಂ ಎಣ್ಣೆಯಾದರೆ ಕಡ್ಡಿಯ ಹಿಂದೆಯೇ ಸುತ್ತಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಂಡರೆ ಅಂದಿನಿಂದಲೇ ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸಬೇಡಿ. ಕಾಯಿಸಿದರೆ ಸರಿಯಾಗುತ್ತದೆ ಎಂಬ ನಂಬಿಕೆ ಇಲ್ಲಿ ಕೈ ಕೊಡುತ್ತದೆ. ಬೆಂಜೀನ್ 80 ಡಿಗ್ರಿಗೇ ಕುದಿಯುವ ವಸ್ತು, ಪಾತ್ರೆಯಿಂದ ಎದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ. ಮಂದ ಎಣ್ಣೆ ನೀರಿನಲ್ಲಿಯೇ ಉಳಿಯುತ್ತದೆ. ಬಚ್ಚಲ ಹಂಡೆಗೂ ಆ ನೀರು ಬೇಡ. ಪಂಚಾಯಿತಿಯಿಂದ ಬೇರೆ ಮೂಲದ ನೀರನ್ನು ಲಿಖಿತವಾಗಿ ಕೇಳಿ. ತುಂಗೆಯ ನೀರಿನ ಸಿಹಿಗೆ ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹೆಮ್ಮೆಪಡುವ ಜಿಲ್ಲೆ ನಮ್ಮದು. ಆ ನದಿಯ ದಾರಿಯಿಂದ ಹತ್ತಾರು ಮೈಲಿಯೊಳಗೆ ಒಂದು ಊರು ತನ್ನ ಬಾವಿಗೆ ಹೆದರಿ ಬದುಕುವುದು ನನಗೆ ಸಹಿಸಲಾಗದ ಸಂಗತಿ.

ನೀರಿನ ಪರೀಕ್ಷೆಯ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸದ ಮೊದಲ ವರ್ಷಗಳಲ್ಲಿ ಹೊಳೆಯ ಕೆಳಭಾಗದ ಒಂದು ಊರಿಗೆ ಹೋಗಿದ್ದೆ. ಬಾವಿಯಲ್ಲಿ ಡೀಸೆಲ್ ವಾಸನೆ ಇತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಬಾಟಲಿಗೆ, ಎರಡು ಬಾರಿ ಚೆನ್ನಾಗಿ ತೊಳೆದು, ನೀರು ತುಂಬಿ ತಂದೆ. ಎಣ್ಣೆಯ ಅಂಶವೆಲ್ಲ ಬಾಟಲಿಯ ಗೋಡೆಗೆ ಅಂಟಿ ಉಳಿಯಿತು, ಹಗುರವಾದದ್ದು ಬಸ್ಸಿನ ಬಿಸಿಗೆ ಹಾರಿಹೋಯಿತು. ‘ಪತ್ತೆಯಾಗಿಲ್ಲ’ ಎಂಬ ವರದಿ ಬಂತು. ಅದನ್ನು ಓದಿ ಹೇಳಿದಾಗ ಆ ಮನೆಯ ಹಿರಿಯರು, ಎಪ್ಪತ್ತು ದಾಟಿದ ಅಜ್ಜಿ, ‘ಹಾಗಾದರೆ ಇಷ್ಟು ದಿನ ನಾನು ಮೂಸಿದ್ದು ಏನನ್ನು?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ವರದಿಯನ್ನೇ ಎದುರು ಪಕ್ಷದವರು ವರ್ಷಗಟ್ಟಲೆ ತೋರಿಸಿದರು.

ನಿಮಗೆ ಹಾಗಾಗಬಾರದು. ಎಣ್ಣೆಯ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು. ಅದನ್ನು ಬಾವಿಯ ನೀರಿನಿಂದ ಮೊದಲೇ ತೊಳೆಯಬಾರದು, ನೇರವಾಗಿ ತುಂಬಬೇಕು. ಬೆಂಜೀನಿನಂತಹ ಹಾರುವ ವಸ್ತುಗಳಿಗೆ ಪ್ರಯೋಗಾಲಯದವರೇ ಸಣ್ಣ ಗಾಜಿನ ಶೀಶೆ ಕೊಡುತ್ತಾರೆ. ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಕಂಠಪೂರ್ತಿ ತುಂಬಿ ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ತಡಮಾಡದೆ ತಲುಪಿಸಬೇಕು. ‘ನೀರು ಪರೀಕ್ಷೆ ಮಾಡಿಕೊಡಿ’ ಎಂದಷ್ಟೇ ಕೇಳಿದರೆ ಗಡಸುತನ, ಫ್ಲೋರೈಡ್, ನೈಟ್ರೇಟ್, ರೋಗಾಣು ಇಷ್ಟನ್ನು ನೋಡಿ ‘ಕುಡಿಯಲು ಯೋಗ್ಯ’ ಎಂದು ಬರೆದು ಕೊಡುತ್ತಾರೆ. ಆ ಪಟ್ಟಿಯಲ್ಲಿ ಎಣ್ಣೆಯೇ ಇರುವುದಿಲ್ಲ. ಖನಿಜ ತೈಲ, ಫಿನಾಲ್ ಸಂಯುಕ್ತಗಳು, ಬೆಂಜೀನ್–ಟಾಲ್ಯೂಯಿನ್–ಜೈಲೀನ್, ಬಹುಚಕ್ರ ಸುಗಂಧಿ ಹೈಡ್ರೋಕಾರ್ಬನ್ ಎಂದು ಹೆಸರಿಸಿಯೇ ಕೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ, ಫಿನಾಲಿಗೆ 0.001 ಮಿಲಿಗ್ರಾಂ ಮಿತಿ ಇದೆ. ಆದರೆ ನೀವು ಮಾಡಿಸಿದ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಎಬ್ಬಿಸುವುದಕ್ಕೆ ಮಾತ್ರ. 1974ರ ಜಲ ಕಾಯ್ದೆಯ ಪ್ರಕಾರ ಘಟಕದ ಕೊಳಚೆ ನೀರು ಮೊಕದ್ದಮೆಯಲ್ಲಿ ಸಾಕ್ಷ್ಯವಾಗಬೇಕಾದರೆ ಮಂಡಳಿಯ ಅಧಿಕಾರಿಯೇ 21ನೇ ಕಲಮಿನಂತೆ ಮಾಲೀಕರಿಗೆ ತಿಳಿಸಿ, ಮಾದರಿ ತೆಗೆದು, ಮೊಹರು ಹಾಕಬೇಕು. ಅದನ್ನು ಮಾಡಿ ಎಂದು ಒತ್ತಾಯಿಸಲು ನಿಮ್ಮ ವರದಿ ಆಧಾರ.

ವಾಸನೆಯ ದಾಖಲೆಗೆ ಒಂದು ಗೆರೆ ಎಳೆದ ನೋಟ್‌ಬುಕ್ ಸಾಕು. ತಾರೀಖು, ವಾಸನೆ ಎದ್ದ ಹೊತ್ತು, ಇಳಿದ ಹೊತ್ತು, ಅದು ಸುಟ್ಟ ರಬ್ಬರಿನದೋ ಡಾಂಬರಿನದೋ ಕೊಳೆತ ಮೊಟ್ಟೆಯದೋ, ಗಾಳಿ ಯಾವ ಕಡೆಯಿಂದ, ಮಂಜು ಇತ್ತೇ, ಯಾರಿಗೆ ಏನಾಯಿತು. ಗಾಳಿಯ ದಿಕ್ಕಿಗೆ ಒಂದು ಊದುಬತ್ತಿಯ ಹೊಗೆ ಸಾಕಾಗುತ್ತದೆ. ನಾಲ್ಕು ದಿಕ್ಕಿನ ನಾಲ್ಕು ಮನೆಗಳಲ್ಲಿ ಬೇರೆಬೇರೆಯಾಗಿ, ಒಬ್ಬರದನ್ನು ಒಬ್ಬರು ನೋಡದೆ ಬರೆಯಿರಿ. ವಾಸನೆ ಬಾರದ ರಾತ್ರಿಯನ್ನೂ ಬರೆಯಬೇಕು, ಅದಿಲ್ಲದಿದ್ದರೆ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಅಡಿಕೆ ಬೇಯಿಸಿ ಒಣಗಿಸುವ ಕಾಲವೂ ಮಂಜಿನ ಕಾಲವೂ ಒಂದೇ ಆದುದರಿಂದ ನಿಮಗೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಅಡಿಕೆ ಹರವಿದ ಚಪ್ಪರದ ಮೂಲೆಯಲ್ಲಿ ಒಂದು ಬಿಳಿ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಬದಲಿಸಿ, ತಾರೀಖು ಬರೆದು ಮಡಚಿಡಿ. ಮಸಿ ಕೂತ ರಾಶಿಗೆ ಮಂಡಿಯಲ್ಲಿ ದರ ಬಿದ್ದರೆ ಆ ಚೀಟಿಯನ್ನೂ ಇಟ್ಟುಕೊಳ್ಳಿ. ಮಗನನ್ನು ಆಸ್ಪತ್ರೆಗೆ ಕರೆದೊಯ್ದಾಗ ಹೊಗೆಯ ವಿಷಯವನ್ನು ಹೇಳಿ ಚೀಟಿಯಲ್ಲಿ ಬರೆಯುವಂತೆ ವೈದ್ಯರನ್ನು ಕೇಳಿ. ‘ನಿಮ್ಮ ಸೌದೆ ಒಲೆಯ ಹೊಗೆಯೇ ಕಾರಣ’ ಎಂಬ ಮಾತು ಖಂಡಿತ ಬರುತ್ತದೆ. ಸೌದೆ ಹೊಗೆಯೂ ಒಳ್ಳೆಯದಲ್ಲ, ಒಪ್ಪಿಕೊಳ್ಳಿ. ಒಲೆ ಆರಿದ ನಡುರಾತ್ರಿಯ ಹೊತ್ತನ್ನು ಪುಸ್ತಕ ತೋರಿಸಲಿ.

ಇದು ಹಳ್ಳಿಯವರ ಕೈಗೆ ಮೀರಿದ್ದಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಮಿಸಿಸಿಪ್ಪಿ ನದಿಯ ದಡದ ಸುಮಾರು 85 ಮೈಲಿಯನ್ನು ಜನ ‘ಕ್ಯಾನ್ಸರ್ ಓಣಿ’ ಎಂದು ಕರೆಯುತ್ತಾರೆ. ಹಿಂದೆ ಗುಲಾಮರು ದುಡಿದ ಕಬ್ಬಿನ ತೋಟಗಳಿದ್ದ ಜಾಗದಲ್ಲಿ ಇಂದು ಸಾಲುಸಾಲು ಪೆಟ್ರೋಕೆಮಿಕಲ್ ಕಾರ್ಖಾನೆಗಳು. ಬೇಲಿಯ ಮಗ್ಗುಲಲ್ಲಿ ಆ ಗುಲಾಮರ ವಂಶಜರ ಮನೆಗಳು. ಅಲ್ಲಿನ ನಾರ್ಕೋ ಎಂಬ ಊರಿನಲ್ಲಿ ಮಾರ್ಗಿ ರಿಚರ್ಡ್ ಎಂಬ ಶಾಲಾ ಶಿಕ್ಷಕಿ ಮತ್ತು ನೆರೆಯವರು ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಚೀಲ ಕಟ್ಟಿ ವಾಸನೆ ಬಂದ ಕ್ಷಣದಲ್ಲಿಯೇ ಗಾಳಿ ಹಿಡಿದು ಪರೀಕ್ಷೆಗೆ ಕಳುಹಿಸಿದರು. ಕೊನೆಗೆ ಕಂಪನಿ ಅವರ ಸ್ಥಳಾಂತರದ ವೆಚ್ಚ ಕೊಡಲು ಒಪ್ಪಬೇಕಾಯಿತು. ಅದೇ ಬಕೆಟ್ಟನ್ನು 2004ರ ಸುಮಾರಿಗೆ ತಮಿಳುನಾಡಿನ ಕಡಲೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹಳ್ಳಿಗರು ಎತ್ತಿಕೊಂಡರು. ನಮ್ಮ ಘಟ್ಟದ ಕೆಳಗೇ, ಮಂಗಳೂರಿನ ಜೋಕಟ್ಟೆಯ ಜನ ಪೆಟ್‌ಕೋಕ್ (ಕಚ್ಚಾ ತೈಲ ಸಂಸ್ಕರಿಸಿದಾಗ ಉಳಿಯುವ ಇದ್ದಿಲಿನಂತಹ ವಸ್ತು) ಧೂಳಿನ ವಿರುದ್ಧ ವರ್ಷಗಟ್ಟಲೆ ನಿಂತರು. ಎಲ್ಲ ಕಡೆಯೂ ಒಂದು ಸಂಗತಿ ಸಮಾನ. ಮೊದಲೇ ಏನನ್ನೋ ಕಳೆದುಕೊಂಡವರ, ಕಾಗದ ಗಟ್ಟಿ ಇಲ್ಲದವರ ಮಗ್ಗುಲಿಗೇ ಇಂತಹ ಘಟಕ ಬಂದು ಕೂರುತ್ತದೆ. ಪರಿಸರ ನ್ಯಾಯ ಎಂಬ ಮಾತು ಹುಟ್ಟಿದ್ದು ಈ ನೋವಿನಿಂದ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡು ನಾಡಿಗೆ ಬೆಳಕು ಬಂತು. ನಿಮ್ಮ ಅಜ್ಜನಿಗೆ ಪಟ್ಟಾ ಇಲ್ಲದ ನೆಲ ಬಂತು. ಈಗ ಅದೇ ಕೊರತೆಯನ್ನು ತೋರಿಸಿ ಮೊಮ್ಮಗಳನ್ನು ಸುಮ್ಮನಿರು ಎನ್ನುತ್ತಿದ್ದಾರೆ.

ಪಟ್ಟಾ ಇಲ್ಲದ ನೆಲಕ್ಕಾಗಿ ಗೆದ್ದ ಹೋರಾಟವೂ ನಮ್ಮ ಈ ಭಾಗದಲ್ಲಿಯೇ ನಡೆದಿದೆ. ಹರಿಹರದ ಎದುರು ದಡದ ಕುಮಾರಪಟ್ಟಣದ ನಾರು ಕಾರ್ಖಾನೆಯ ಕೊಳಚೆಯಿಂದ ತುಂಗಭದ್ರೆಯ ಮೀನು ಸತ್ತಾಗ ಎಂಬತ್ತರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಜನರನ್ನು ಕೂಡಿಸಿತು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಯಲು, ಸರ್ಕಾರದ ಪಾಲುದಾರಿಕೆಯ ಕಂಪನಿಯೊಂದಕ್ಕೆ, ಶಿವಮೊಗ್ಗವೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಕೊಡಲು ಹೊರಟಿದ್ದರು. ಆ ಹುಲ್ಲುಗಾವಲಿಗೆ, ಸೌದೆಯ ಕಾಡಿಗೆ ಯಾವ ರೈತನ ಹೆಸರಿನಲ್ಲಿಯೂ ಪಹಣಿ ಇರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಎಂದು ಅದು ಹೆಸರಾಯಿತು. ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಶಿವರಾಮ ಕಾರಂತರು ಮೊದಲ ಅರ್ಜಿದಾರರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಮಾಲೀಕರು ಇನ್ನೊಮ್ಮೆ ಜಾಗದ ಮಾತು ತೆಗೆದರೆ ಇದನ್ನು ನೆನಪಿಸಿ.

ಕಚೇರಿಯ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಇಂತಹ ಘಟಕವನ್ನು ನಡೆಸುವಂತಿಲ್ಲ. ಆ ಪತ್ರದ ಪ್ರತಿಯನ್ನು, ಮೂರು ವರ್ಷಗಳ ತಪಾಸಣಾ ವರದಿಗಳನ್ನು, ಚಿಮಣಿಯ ಪರೀಕ್ಷಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು; ಆದುದರಿಂದ ಬೇರೆಬೇರೆ ಅರ್ಜಿ ಹಾಕಿ. ಸಮ್ಮತಿಯ ಷರತ್ತು ಕೈಗೆ ಬಂದ ಮೇಲೆ ಸಾಮಾನ್ಯ ದೂರಿಗಿಂತ ‘ಇಂತಹ ಷರತ್ತು ಇಂತಹ ರಾತ್ರಿ ಮುರಿದಿದೆ’ ಎಂಬ ದೂರಿನ ತೂಕವೇ ಬೇರೆ. ಟೈರು ಎಲ್ಲಿಂದ ಬರುತ್ತಿದೆ ಎಂದೂ ಕೇಳಿ. ಎಣ್ಣೆ ತೆಗೆಯುವುದಕ್ಕಾಗಿ ಹೊರದೇಶದ ಹಳೆಯ ಟೈರು ತರಿಸುವುದನ್ನು 2022ರ ನಿಯಮ ನಿಷೇಧಿಸಿದೆ. ಗ್ರಾಮಸಭೆಯಲ್ಲಿ ರಾತ್ರಿ ತಪಾಸಣೆ ಕೋರಿ ನಿರ್ಣಯ ಮಾಡಿಸಿ, ಟಪಾಲಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆಗೆ ತೃಪ್ತರಾಗದೆ ಲಿಖಿತ ಹಿಂಬರಹ ಕೇಳಿ. ಮುಂದಿನ ಬಾರಿ ಮಹಜರಿಗೆ ಸಹಿ ಹಾಕುವಾಗ ಬಂದ ಹೊತ್ತನ್ನು ನಿಮ್ಮ ಕೈಯಿಂದಲೇ ಬರೆಯಿರಿ.

ಇಷ್ಟಕ್ಕೂ ಅಲುಗದಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇದೆ. ಪರಿಹಾರದ ಅರ್ಜಿಗೆ ಐದು ವರ್ಷಗಳ ಕಾಲಮಿತಿ, ಉಳಿದ ವಿವಾದಗಳಿಗೆ ಆರು ತಿಂಗಳು. ನಿಮ್ಮ ಘಟಕಕ್ಕೆ ನಾಲ್ಕು ವರ್ಷ ತುಂಬಿದೆ, ತಡ ಮಾಡಬೇಡಿ. ವಕೀಲರ ಖರ್ಚಿಗೆ ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಅರ್ಜಿ ನಿಮ್ಮ ಹೆಸರಿನಲ್ಲಿಯೇ ಇರಲಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ದಿನ ಹೋಗಿ ಬನ್ನಿ.

ತಮ್ಮನ ವಿಷಯವನ್ನು ಕೊನೆಗೆ ಉಳಿಸಿಕೊಂಡೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಊರಿನಲ್ಲಿ ಎರಡು ಪಕ್ಷವಾಗುವುದು ಇಂತಹ ಕಡೆಗಳಲ್ಲಿಯೇ. ನನ್ನ ಅಭಿಪ್ರಾಯ ಸ್ಪಷ್ಟ: ಆ ಹುಡುಗರನ್ನು ಎದುರಾಳಿಗಳೆಂದು ಎಣಿಸಬೇಡಿ. ನಿಮಗೆ ಗಾಳಿಯಲ್ಲಿ ತೆಳುವಾಗಿ ಬರುವುದು ಅವರಿಗೆ ಪಾತ್ರೆಯ ಬಾಗಿಲಲ್ಲಿ ಮುಖಕ್ಕೇ ಬಡಿಯುತ್ತದೆ. ಮುಖಕ್ಕೆ ಸುತ್ತಿಕೊಂಡ ಟವೆಲ್ಲಾಗಲೀ ಬಟ್ಟೆಯ ಮಾಸ್ಕಾಗಲೀ ಆವಿಯನ್ನು ತಡೆಯುವುದಿಲ್ಲ. ನಿಮ್ಮ ಬೇಡಿಕೆಪಟ್ಟಿಯ ಮೊದಲ ಸಾಲು ‘ಘಟಕ ಮುಚ್ಚಿ’ ಎಂದಿರುವ ಬದಲು ‘ಪಾತ್ರೆ ಪೂರ್ತಿ ತಣಿಯದೆ ತೆರೆಯಬಾರದು, ಕೆಲಸಗಾರರಿಗೆ ಆವಿ ತಡೆಯುವ ಮುಖಕವಚ ಮತ್ತು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು’ ಎಂದಿರಲಿ. ಇದರಲ್ಲಿ ಊರಿಗೂ ಅವರಿಗೂ ಒಂದೇ ಹಿತವಿದೆ. ಈ ಷರತ್ತುಗಳನ್ನು ಪಾಲಿಸಿ ಘಟಕ ನಡೆಯಲಾರದು ಎಂದಾದರೆ ಅದನ್ನು ಮುಚ್ಚುವ ಆದೇಶ ಮಂಡಳಿಯಿಂದ ಬರಬೇಕು. ನೋಟ್‌ಬುಕ್ಕನ್ನು ತಮ್ಮನಿಗೆ ತೋರಿಸಿ. ಬಾಗಿಲು ಯಾವ ರಾತ್ರಿ ಎಷ್ಟು ಹೊತ್ತಿಗೆ ತೆರೆಯಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಹೇಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಹೇಳಿದರೂ ಪುಸ್ತಕದಲ್ಲಿ ಅವನ ಹೆಸರು ಬರೆಯಬೇಡಿ.